ಹೊಟಗಿ ಸ್ಟೇಶನ್

ಈ ವರ್ಷ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ 'ನಮ್ಮೂರಿನ ಚರಿತ್ರೆ' ಎಂಬ ಕಿರುಪ್ರಬಂಧವೊಂದನ್ನು ಬರೆದು ತರಲು ಹೇಳಿದ್ದೆ. ಅದಕ್ಕೆ ಇಪ್ಪತ್ತು ಅಂಕಗಳು. ಬಂದ ಹಾಳೆಗಳು ಬಹುಮಟ್ಟಿಗೆ ನಿರೀಕ್ಷಿಸಿದಂತೆಯೇ ಇದ್ದವು: ಊರ ಹೊರಗಿನ ವೀರಗಲ್ಲು, ಗುಡಿಯ ಗೋಡೆಯಲ್ಲಿ ಸಿಕ್ಕಿಕೊಂಡ ತ್ರುಟಿತ ಶಾಸನ, ದೇಸಾಯರ ವಾಡೆ, ಶ್ರಾವಣದ ಜಾತ್ರೆ. ಒಬ್ಬ ವಿದ್ಯಾರ್ಥಿ ಮಾತ್ರ ಅರ್ಧ ಪುಟಕ್ಕೇ ನಿಲ್ಲಿಸಿದ್ದ. ಅವನ ಮನೆಯಿರುವುದು ಹೆಸರಿನ ಕೊನೆಗೆ 'ರೋಡ್' ಎಂಬ ಬಾಲವಿರುವ ರೈಲು ನಿಲ್ದಾಣವೊಂದರ ಬೆನ್ನಿಗೆ. "ನಮ್ಮದು ಊರಲ್ಲ, ಸ್ಟೇಶನ್ನು. ಇಲ್ಲಿ ಹಳೆಯ ಗುಡಿಯಿಲ್ಲ, ಶಾಸನವಿಲ್ಲ, ಗೌಡರ ಮನೆಯಿಲ್ಲ. ಇರುವವರೆಲ್ಲ ಬೇರೆ ಕಡೆಯಿಂದ ಬಂದವರು. ಆದ್ದರಿಂದ ಬರೆಯಲು ಚರಿತ್ರೆಯಿಲ್ಲ" ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದ್ದ. ನಾನು ಕೆಂಪು ಶಾಯಿಯಲ್ಲಿ 'ಶ್ರಮ ಸಾಲದು' ಎಂದು ಬರೆದು ನಾಲ್ಕು ಅಂಕ ಕೊಟ್ಟೆ.

ಮರುದಿನ ಅವನು ವಿಭಾಗಕ್ಕೆ ಬಂದ. ಅಂಕಗಳ ಬಗ್ಗೆ ತಕರಾರು ತೆಗೆಯಲಿಲ್ಲ. "ಸರ, ನಿಮ್ಮೂರು ಯಾವುದ್ರಿ?" ಎಂದು ಕೇಳಿದ. "ಸೊಲ್ಲಾಪುರ" ಎಂದೆ. ಮೂವತ್ತು ವರ್ಷಗಳಿಂದ ಯಾರು ಕೇಳಿದರೂ ಹೀಗೆಯೇ ಹೇಳುತ್ತ ಬಂದವನು ನಾನು. ಆದರೆ ಅಂದು ಅವನು ನಮಸ್ಕರಿಸಿ ಹೊರಟುಹೋದ ಮೇಲೆ ಬಹಳ ಹೊತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನನ್ನೂರು ಸೊಲ್ಲಾಪುರವಲ್ಲ. ನನ್ನದೂ ಸ್ಟೇಶನ್ನೇ. ಆ ಹುಡುಗ ಬರೆದ ಅರ್ಧ ಪುಟದಷ್ಟನ್ನು ಕೂಡ ನಾನು ಅದರ ಬಗ್ಗೆ ಎಂದೂ ಬರೆದವನಲ್ಲ. ವಿಭಾಗದ ಈ ಸಂಚಿಕೆಗೆ ಲೇಖನ ಕೇಳಿದಾಗ, ನಾನು ಒಪ್ಪಿಸದೆ ಉಳಿಸಿಕೊಂಡ ಪ್ರಬಂಧವನ್ನೇ ಕೊಡುವುದು ನ್ಯಾಯವೆನಿಸಿತು.

ನಾನು ಹುಟ್ಟಿದ್ದೂ ಬೆಳೆದದ್ದೂ ಹೊಟಗಿ ಸ್ಟೇಶನ್ನಿನ ರೈಲ್ವೆ ಚಾಳಿನಲ್ಲಿ. ಮುಂಬಯಿಯಿಂದ ಬಂದು ಸೊಲ್ಲಾಪುರವನ್ನು ಬಿಟ್ಟು ಆಗ್ನೇಯಕ್ಕೆ ಹೊರಟ ಗಾಡಿ ಅರ್ಧ ಗಂಟೆಯೊಳಗೆ ಹೊಟಗಿಯನ್ನು ಮುಟ್ಟುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಅಕ್ಕಲಕೋಟ ರೋಡ್, ದುಧನಿ, ಕಲಬುರಗಿಯ ಮೇಲೆ ವಾಡಿಯ ಕಡೆಗೆ. ಇನ್ನೊಂದು ದಕ್ಷಿಣಕ್ಕೆ ತಿರುಗಿ ಭೀಮೆಯನ್ನು ದಾಟಿ ಇಂಡಿ, ವಿಜಯಪುರ, ಬಾಗಲಕೋಟೆಯ ಮೇಲೆ ಗದಗಿನ ಕಡೆಗೆ. ಕನ್ನಡ ಪತ್ರಿಕೆಗಳಲ್ಲಿ ಇದನ್ನು ಹೊಟಗಿ, ಹೋಟಗಿ, ಹುಟಗಿ ಎಂದು ಮೂರು ಬಗೆಯಾಗಿ ಬರೆದಿರುವುದನ್ನು ಕಂಡಿದ್ದೇನೆ. ಒಂದು ಸ್ಥಳನಾಮದ ಕಾಗುಣಿತವೇ ಇನ್ನೂ ನೆಲೆ ನಿಲ್ಲದಿದ್ದರೆ ಅಲ್ಲಿನವರು ತಮ್ಮ ಊರಿನ ಹೆಸರು ಹೇಳಲು ಹಿಂಜರಿಯುವುದು ಸಹಜವೇ ಇರಬೇಕು.

ಹೊಟಗಿಗಳು ಎರಡು. ಒಂದು ಹಳೆಯ ಊರು. ಸೊಲ್ಲಾಪುರದ ವೀರಶೈವರಿಗೆಲ್ಲ ಪರಿಚಿತವಾದ ಹೊಟಗಿ ಮಠದ ಹೆಸರಿನಲ್ಲಿರುವುದು ಆ ಊರು. ಇನ್ನೊಂದು ಸ್ಟೇಶನ್. ನಮ್ಮ ಚಾಳಿನ ಹೆಂಗಸರು ಸಂತೆಗೆ ಹೊರಟಾಗ "ಊರಾಗ ಹೋಗಿ ಬರ್ತೇವಿ" ಎನ್ನುತ್ತಿದ್ದರು. ಆಗ ಊರೆಂದರೆ ಆ ಹೊಟಗಿ. ದೀಪಾವಳಿಗೆ ಗಂಟು ಕಟ್ಟಿಕೊಂಡು "ಊರಿಗೆ ಹೊಂಟೇವಿ" ಎಂದಾಗ ಊರೆಂದರೆ ಅವರವರ ಮೂಲಸ್ಥಾನ: ಒಬ್ಬರಿಗೆ ಬಾಗಲಕೋಟೆ, ಒಬ್ಬರಿಗೆ ಕುರ್ಡುವಾಡಿ, ಇನ್ನೊಬ್ಬರಿಗೆ ಗುಂತಕಲ್ಲು. ನಾವು ಇದ್ದ ಜಾಗಕ್ಕೆ ಮಾತ್ರ ಆ ಶಬ್ದ ಒಮ್ಮೆಯೂ ಸಂದದ್ದನ್ನು ನಾನು ಕೇಳಲಿಲ್ಲ. ಅದು 'ಇಲ್ಲಿ'. "ಇಲ್ಲಿ ನೀರು ಚಲೋ ಅದಾವ", "ಇಲ್ಲಿ ಸಾಲಿ ನಾಕನೇತ್ತದ ತನಕ ಅಷ್ಟ." ಸರ್ವನಾಮದಲ್ಲಿ ಬದುಕಿದ ಜನ ನಾವು.

ಈ 'ಇಲ್ಲಿ' ಎಂಬುದು ಹೇಗೆ ಹುಟ್ಟಿತು? ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಮುಂಬಯಿಯಿಂದ ಹೊರಟು 1860ರಲ್ಲಿ ಸೊಲ್ಲಾಪುರವನ್ನು ತಲುಪಿತು. ಅಲ್ಲಿಂದ ಮುಂದೆ ಸಾಗಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಇದು ದೊಡ್ಡ ಗಾಡಿಯ ದಾರಿ. ಎರಡು ಕಂಬಿಗಳ ನಡುವಿನ ಅಂತರ 1,676 ಮಿಲಿಮೀಟರ್. ಆಗ ಹೊಟಗಿ ಗಾಡಿ ಕ್ಷಣಹೊತ್ತು ನಿಂತು ಹೋಗುವ ಒಂದು ಸಣ್ಣ ಸ್ಟೇಶನ್ ಆಗಿದ್ದಿರಬೇಕು, ಅಷ್ಟೆ.

1876ರಿಂದ 1878ರವರೆಗೆ ದಖ್ಖನನ್ನು ಮಹಾಕ್ಷಾಮ ಮುತ್ತಿತು. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಬಳ್ಳಾರಿಯ ಸೀಮೆಗಳು ಅದರ ಬಾಯಿಗೆ ಬಿದ್ದವು. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಬೇರೆಡೆಯ ಧಾನ್ಯ ರೈಲಿನಲ್ಲಿ ಸೊಲ್ಲಾಪುರದವರೆಗೆ ಬರಬಹುದಿತ್ತು. ಅಲ್ಲಿಂದ ಭೀಮೆಯ ಆಚೆಗೆ ಒಯ್ಯಲು ಎತ್ತುಗಳು ಬೇಕು, ಎತ್ತುಗಳಿಗೆ ಮೇವು ಬೇಕು, ಮೇವಿಗೆ ಮಳೆ ಬೇಕು. ಮಳೆಯಿಲ್ಲದ್ದರಿಂದಲೇ ಬಂದ ಕ್ಷಾಮದಲ್ಲಿ ಬಂಡಿಗಳ ಮೇಲೆ ಭರವಸೆಯಿಡುವುದು ಸಾಧ್ಯವಿರಲಿಲ್ಲ. ಬಳಿಕ ನೇಮಕವಾದ ಕ್ಷಾಮ ಆಯೋಗ, ಇಂಥ ಸೀಮೆಗಳೊಳಗೆ ರೈಲು ಹಾಯಬೇಕೆಂದು 1880ರಲ್ಲಿ ಶಿಫಾರಸು ಮಾಡಿತು. ಹೊಟಗಿಯಿಂದ ಗದಗಿಗೆ ಹಳಿ ಹಾಕಲು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು. 1884ರಲ್ಲಿ ಗಾಡಿಗಳು ಓಡತೊಡಗಿದವು. ನಮ್ಮ ದಾರಿ 'ಬರದ ದಾರಿ'. ವ್ಯಾಪಾರದ ಲಾಭಕ್ಕಿಂತ ಮೊದಲು ಹೆಣಗಳ ಲೆಕ್ಕ ಅದನ್ನು ಹಾಕಿಸಿತು.

ಆದರೆ ಕ್ಷಾಮದ ಕಥೆಗೆ ಜಮಾಖರ್ಚಿನದೂ ಒಂದು ಅಧ್ಯಾಯವಿದೆ. ಬರದ ದಾರಿಯಿಂದ ಹೆಚ್ಚಿನ ಆದಾಯ ಬಾರದೆಂಬ ಅಂದಾಜಿನಿಂದ ಅದನ್ನು ಅಗ್ಗವಾಗಿ ಕಟ್ಟಿದರು. ಹಗುರ ಕಂಬಿ, ಕಿರಿದಾದ ಸೇತುವೆ, ಸಣ್ಣ ಡಬ್ಬಿ. ಕಂಬಿಗಳ ನಡುವಿನ ಅಂತರ ಒಂದೇ ಮೀಟರ್, 1,000 ಮಿಲಿಮೀಟರ್. ದೊಡ್ಡ ದಾರಿಗೂ ಸಣ್ಣ ದಾರಿಗೂ 676 ಮಿಲಿಮೀಟರಿನ ವ್ಯತ್ಯಾಸ. ನಮ್ಮ ಅಳತೆಯಲ್ಲಿ ಒಂದೂವರೆ ಮೊಳ. ದೊಡ್ಡ ದಾರಿಯ ಡಬ್ಬಿ ಸಣ್ಣ ದಾರಿಯ ಮೇಲೆ ಉರುಳದು, ಸಣ್ಣ ದಾರಿಯದು ದೊಡ್ಡದರ ಮೇಲೆ ಉರುಳದು. ಹೀಗಾಗಿ ಗದಗಿನ ಹತ್ತಿ, ವಿಜಯಪುರದ ಜೋಳ, ಬಾಗಲಕೋಟೆಯ ಶೇಂಗಾ ಮುಂಬಯಿಯ ದಾರಿ ಹಿಡಿಯಬೇಕಾದರೆ ಎರಡು ದಾರಿ ಕೂಡುವಲ್ಲಿ ಇಳಿದು, ಮನುಷ್ಯರ ಬೆನ್ನೇರಿ, ಇನ್ನೊಂದು ಡಬ್ಬಿಯನ್ನು ಹತ್ತಬೇಕು. ಅತ್ತ ಕಡೆಯಿಂದ ಬರುವ ಉಪ್ಪು, ಕಬ್ಬಿಣ, ಶಹಾಬಾದದ ಸಿಮೆಂಟಿಗೂ ಅದೇ ಗತಿ. ಆ ಒಂದೂವರೆ ಮೊಳದ ಸಂದಿನಲ್ಲಿ ಹಮಾಲರು ಬಂದರು. ಹಮಾಲರಿಗೆ ಮುಕಾದಮ, ಚೀಲ ಎಣಿಸಲು ಕಾರಕೂನ, ಡಬ್ಬಿ ಬಿಡಿಸಿ ಜೋಡಿಸುವ ಶಂಟಿಂಗಿನವರು, ಎಂಜಿನ್ನಿಗೆ ನೀರು ತುಂಬುವವರು, ಇವರಿಗೆಲ್ಲ ಚಹಾ ಮಾರುವವರು, ಅವರ ಮಕ್ಕಳಿಗೆ ಒಂದು ಶಾಲೆ. ಊರೊಂದು ನದಿಯ ದಂಡೆಯಲ್ಲೋ ಕೋಟೆಯ ನೆರಳಿನಲ್ಲೋ ಹುಟ್ಟುತ್ತದೆಂದು ನಾವು ಪಾಠ ಹೇಳುತ್ತೇವೆ. ನನ್ನದು ಅಳತೆ ತಪ್ಪಿದಲ್ಲಿ ಹುಟ್ಟಿತು.

ವಿದ್ಯಾರ್ಥಿಯ ಊರಿನ 'ರೋಡ್' ಎಂಬ ಬಾಲದ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಹಳಿ ಊರಿನಿಂದ ದೂರ ಹಾದುಹೋದಾಗ, 'ಇಂಥ ಊರಿಗೆ ಹೋಗುವ ರಸ್ತೆ ಇಲ್ಲಿದೆ' ಎಂಬ ಅರ್ಥದಲ್ಲಿ ರೈಲ್ವೆಯವರು ಹೆಸರಿಗೆ 'ರೋಡ್' ಸೇರಿಸುತ್ತಿದ್ದರು. ಅಕ್ಕಲಕೋಟ ರೋಡ್, ಇಂಡಿ ರೋಡ್, ಗಾಣಗಾಪುರ ರೋಡ್ ಎಲ್ಲವೂ ಹಾಗೆಯೇ ಆದದ್ದು. ಈಗಿನ ಕುರ್ಡುವಾಡಿ ಒಂದು ಕಾಲಕ್ಕೆ ಬಾರ್ಶಿ ರೋಡ್ ಆಗಿತ್ತು. ಅಲ್ಲಿಂದ ಬಾರ್ಶಿಗೆ 1897ರಲ್ಲಿ ಇನ್ನೂ ಕಿರಿದಾದ, ಎರಡೂವರೆ ಅಡಿಯ ಹಳಿ ಬಂತು. ಮುಂದೆ ರೈಲ್ವೆ ಕಾರ್ಖಾನೆ ಬಂತು, ನಗರಪರಿಷತ್ತು ಬಂತು, ಸ್ವಂತ ಹೆಸರೂ ಬಂತು. ಎಲ್ಲ ಸ್ಟೇಶನ್ನುಗಳಿಗೂ ಆ ಭಾಗ್ಯವಿರುವುದಿಲ್ಲ. ಬೇರೊಂದು ಊರಿನ ದಾರಿಯೆಂಬುದೇ ತನ್ನ ಹೆಸರಾಗಿರುವಲ್ಲಿ ಬೆಳೆದ ಹುಡುಗ "ನಮ್ಮದು ಊರಲ್ಲ" ಎಂದು ಬರೆದರೆ ತಪ್ಪು ಅವನದಷ್ಟೇ ಅಲ್ಲ.

ಅಪ್ಪ ಬಾಗಲಕೋಟೆಯ ಕಡೆಯವರು. ಸಣ್ಣ ದಾರಿಯ ಪಾಯಿಂಟ್‌ಮನ್ ಆಗಿ ಹೊಟಗಿಗೆ ಬಂದರು. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಬೇಕಾದಾಗ ಸನ್ನೆಯನ್ನು ಎಳೆದು ಹಳಿಯ ತುದಿಯನ್ನು ಕೂಡಿಸುವ ಕೆಲಸ. ಮರಾಠಿಯವರು ಇವರನ್ನು 'ಸಾಂಧೇವಾಲಾ' ಎನ್ನುತ್ತಿದ್ದರು. 'ಸಾಂಧಾ' ಎಂದರೆ ಕೂಡುವ ಜಾಗ, ನಮ್ಮ 'ಸಂದು'. ಎರಡಕ್ಕೂ ತಾಯಿ ಸಂಸ್ಕೃತದ 'ಸಂಧಿ'. ಶಬ್ದಮಣಿದರ್ಪಣದ ಸಂಧಿ ಪ್ರಕರಣವನ್ನು ಪಾಠ ಮಾಡುವಾಗಲೆಲ್ಲ ನನಗೆ ಕೇಶಿರಾಜನಿಗಿಂತ ಮೊದಲು ನೆನಪಾಗುವುದು ನಸುಕಿನ ಚಳಿಯಲ್ಲಿ ಕಂಬಳಿ ಹೊದ್ದು, ಕೈಯಲ್ಲಿ ಸೀಮೆ ಎಣ್ಣೆಯ ಕಂದೀಲು ಹಿಡಿದು ಯಾರ್ಡಿನ ಕಡೆಗೆ ನಡೆಯುತ್ತಿದ್ದ ಅಪ್ಪ. ಇದನ್ನು ತರಗತಿಯಲ್ಲಿ ಎಂದೂ ಹೇಳಿಲ್ಲ. ನಿಮಗೆ ನಗು ಬರಬಹುದೆಂಬ ಸಂಕೋಚ.

ಅವರು ಎಳೆದ ಸನ್ನೆ ತುಸು ತಪ್ಪಿದ್ದರೆ ಏನಾಗುತ್ತಿತ್ತೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಅಪ್ಪ ಮಲಗಿದ ಮೇಲೆ ಒಮ್ಮೊಮ್ಮೆ ಎದ್ದು ಕುಳಿತು, "ಅದು ಕೂತಿತ್ತಲ್ಲ?" ಎಂದು ಕೇಳುತ್ತಿದ್ದರು. ಹಳಿಯ ತುದಿ ಸರಿಯಾಗಿ ಕೂತಿತ್ತೇ ಎಂದು ಅರ್ಥ. "ಕೂತಿತ್ತು, ಮಲಕೋರಿ" ಎನ್ನುತ್ತಿದ್ದಳು ಅವ್ವ. ಅವಳು ಯಾರ್ಡನ್ನು ಹತ್ತಿರದಿಂದ ಕಂಡವಳೇ ಅಲ್ಲ.

ಮಾಲು ಬದಲಿಸುವುದನ್ನು ನೋಡುವುದು ಮಕ್ಕಳಾದ ನಮಗೆ ನಿತ್ಯದ ಆಟ. ಒಂದು ಬದಿಗೆ ಸಣ್ಣ ಡಬ್ಬಿ, ಇನ್ನೊಂದು ಬದಿಗೆ ದೊಡ್ಡ ಡಬ್ಬಿ, ನಡುವೆ ಹಲಗೆ. ಹಮಾಲರು ಕೊಕ್ಕೆಯಿಂದ ಚೀಲವನ್ನು ಎಳೆದು ಬೆನ್ನಿಗೆ ಹಾಕಿಕೊಂಡು ಹಲಗೆಯ ಮೇಲೆ ಅರೆ ಓಟದಲ್ಲಿ ಹೋಗುತ್ತಿದ್ದರು. ಮೊದಲ ಚೀಲಕ್ಕೆ ಯಾರೂ ಒಂದು ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಕನ್ನಡದವರೂ ಲಾಭ, ಮರಾಠಿಯವರೂ ಲಾಭ. ಎರಡರಿಂದ ಮುಂದೆ ಭಾಷೆ ಬೇರೆಯಾಗುತ್ತಿತ್ತು. ಕಾರಕೂನರು ಎರಡೂ ಬಾಯಿಗಳ ಎಣಿಕೆಯನ್ನು ಕೇಳಿ ಒಂದೇ ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು. ಐದನೆಯ ಗೀಟು ಅಡ್ಡ. ಲೆಕ್ಕ ತಪ್ಪಿದರೆ ಬೈಗುಳ ಮಾತ್ರ ಮೂರನೆಯ ಭಾಷೆಯಲ್ಲಿ, ಹಿಂದುಸ್ತಾನಿಯಲ್ಲಿ. ಹರಿದ ಚೀಲದಿಂದ ಉದುರಿದ ಕಾಳನ್ನು ಗುಡಿಸಿಕೊಳ್ಳಲು ಸುತ್ತಲಿನ ಬಡ ಹೆಂಗಸರು ಮೊರ ಹಿಡಿದು ಕಾಯುತ್ತಿದ್ದರು. ಅದು ಅವರ ಹಕ್ಕು, ಯಾವ ಪುಸ್ತಕದಲ್ಲೂ ಬರೆದಿರದ ಹಕ್ಕು. ಒಮ್ಮೆ ನಾನು ಚಡ್ಡಿಯ ಕಿಸೆ ತುಂಬ ಶೇಂಗಾ ಆರಿಸಿಕೊಂಡು ಮನೆಗೆ ಬಂದಾಗ ಅಪ್ಪ ನನ್ನನ್ನು ಕೈ ಹಿಡಿದು ಮರಳಿ ಕರೆದೊಯ್ದು, ಒಬ್ಬ ಮುದುಕಿಯ ಮೊರದಲ್ಲಿ ಅದನ್ನು ಸುರಿಯಲು ಹೇಳಿದರು. "ನಮಗ ಪಗಾರ ಐತಿ" ಎಂದಷ್ಟೇ ಹೇಳಿದ್ದು.

1972ರ ಬರದಲ್ಲಿ ನಾನು ತೀರ ಚಿಕ್ಕವನು. ಅವ್ವ ಹೇಳಿದ್ದನ್ನು ಹೇಳುತ್ತೇನೆ. ಸೊಲ್ಲಾಪುರ ಜಿಲ್ಲೆಯಲ್ಲಿ ಭಾವಿಗಳು ಬತ್ತಿದಾಗ ಸುತ್ತಲಿನ ಹಳ್ಳಿಗಳ ಹೆಂಗಸರು ಕೊಡ ಹೊತ್ತು ಸ್ಟೇಶನ್ನಿಗೆ ಬಂದರು, ಎಂಜಿನ್ನಿಗೆ ನೀರು ಬಿಡುವ ನಳದ ಕೆಳಗೆ ಸಾಲು ನಿಂತರು. ಸುಕಡಿ ತಿಂದು ದಿನ ಕಳೆದವರು ಇದ್ದರು; ಹೊರದೇಶದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ಅತ್ತವರೂ ಇದ್ದರು. "ಆಗ ಊರಿನವರು ನಮ್ಮ ಕಡೆ ಬಂದರು ನೋಡು" ಎನ್ನುತ್ತಿದ್ದಳು ಅವ್ವ. ಅವಳ ದನಿಯಲ್ಲಿ ಒಂದು ಬಗೆಯ ಸಮಾಧಾನವಿರುತ್ತಿತ್ತು. ಬರಕ್ಕಾಗಿ ಹಾಕಿದ ದಾರಿ ತೊಂಬತ್ತು ವರ್ಷದ ಬಳಿಕವೂ ಬರಕ್ಕೇ ಒದಗಿತ್ತೆಂಬ ಸಂಗತಿ ಅವಳಿಗೆ ತಿಳಿದಿರಲಿಲ್ಲ. ನನಗೂ ತಿಳಿದದ್ದು ಬಹಳ ತಡವಾಗಿ, ಧಾರವಾಡದಲ್ಲಿ ಎಂ.ಎ. ಓದುವಾಗ, ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ.

ಸ್ಟೇಶನ್ನಿನ ಶಾಲೆ ಮರಾಠಿಯದು. ನಾಲ್ಕನೆಯ ಇಯತ್ತೆಯವರೆಗೆ ನಾನು ಓದಿದ್ದು, ಬರೆದದ್ದು, ಪಾಢೆ ಬಾಯಿಪಾಠ ಮಾಡಿದ್ದು ಎಲ್ಲ ಮರಾಠಿಯಲ್ಲಿ. ಉಣ್ಣುವುದು, ಅಳುವುದು ಕನ್ನಡದಲ್ಲಿ. ಕನ್ನಡದ ಅಕ್ಷರಗಳನ್ನು ಮೊದಲು ಕಲಿಸಿದ್ದು ಸಣ್ಣ ಗಾಡಿ. ಅಪ್ಪನ ಪಾಸಿನ ಮೇಲೆ ಅಜ್ಜಿಯ ಊರಿಗೆ ಹೋಗುವಾಗ ಭೀಮೆಯ ಸೇತುವೆ ದಾಟಿದ ಮೇಲೆ ಸ್ಟೇಶನ್ನಿನ ಫಲಕಗಳ ಮೇಲೆ ಬೇರೆ ಲಿಪಿ ಕಾಣುತ್ತಿತ್ತು. ಇಂಡಿಯ 'ಇ', ನಿಂಬಾಳದ 'ನಿ', ಬಿಜಾಪುರದ 'ಬಿ'. ಗಾಡಿ ನಿಲ್ಲುವುದು ಎರಡೇ ನಿಮಿಷ. ಅಷ್ಟರಲ್ಲಿ ಓದಿ ಹೇಳಬೇಕು, ಹೇಳದಿದ್ದರೆ ಅಪ್ಪ ಮುಂದಿನ ಸ್ಟೇಶನ್ನಿನವರೆಗೆ ಮಾತಾಡುತ್ತಿರಲಿಲ್ಲ. ಕನ್ನಡದ ಕಾಗುಣಿತವನ್ನು ಗಾಡಿಯ ವೇಳಾಪಟ್ಟಿಯ ಕ್ರಮದಲ್ಲಿ ಕಲಿತವರು ಹೆಚ್ಚು ಜನ ಇರಲಾರರು.

ನಿಂಬಾಳದಲ್ಲಿ ಯಾವಾಗಲೂ ಮರಾಠಿ ಮಾತಾಡುವ ಜನ ಇಳಿಯುತ್ತಿದ್ದರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುರುದೇವ ರಾನಡೆಯವರ ಆಶ್ರಮ ಅಲ್ಲಿಯ ಸ್ಟೇಶನ್ನಿನ ಹತ್ತಿರವೇ ಇದೆ. 1957ರಲ್ಲಿ ಅವರು ದೇಹವಿಟ್ಟದ್ದೂ ಅಲ್ಲಿಯೇ. ಮಹಾರಾಷ್ಟ್ರದ ಸಂತರ ಅನುಭಾವದ ಮೇಲೂ, ಕನ್ನಡದ ಶರಣ-ದಾಸರ ಪರಮಾರ್ಥದ ಮೇಲೂ ಅವರು ಗ್ರಂಥ ಬರೆದರೆಂಬುದನ್ನು ನೀವು ಸಾಹಿತ್ಯ ಚರಿತ್ರೆಯ ಪತ್ರಿಕೆಯಲ್ಲಿ ಓದಿದ್ದೀರಿ. ನನ್ನ ಪಾಲಿಗೆ ಅವರು ನಮ್ಮ ಸಣ್ಣ ದಾರಿಯವರು.

ಐದನೆಯ ಇಯತ್ತೆಗೆ ಅಪ್ಪ ನನ್ನನ್ನು ಊರ ಹೊಟಗಿಯ ಕನ್ನಡ ಶಾಲೆಗೆ ಹಾಕಿದರು. ಮೊದಲ ದಿನ ಮಾಸ್ತರರು ನನ್ನ ಪಾಟಿಯನ್ನು ಎತ್ತಿ ಇಡೀ ವರ್ಗಕ್ಕೆ ತೋರಿಸಿದರು. ನಾನು ಕನ್ನಡದ ಪ್ರತಿಯೊಂದು ಶಬ್ದವನ್ನು ಬರೆದು ಅದರ ತಲೆಯ ಮೇಲೆ ದೇವನಾಗರಿಯ ಹಾಗೆ ಗೆರೆ ಎಳೆದಿದ್ದೆ. ಅಕ್ಷರಗಳು ಗೆರೆಯಿಲ್ಲದೆ ಬಿದ್ದುಹೋಗುತ್ತವೆಂದೇ ನನ್ನ ತಿಳುವಳಿಕೆ. ವರ್ಗ ನಕ್ಕಿತು, ಮಾಸ್ತರರೂ ನಕ್ಕರು. ಆದರೆ ಗೆರೆ ಅಳಿಸಲು ಹೇಳಲಿಲ್ಲ. "ಇರಲಿ, ಒಂದೊಂದ ತಾನ ಹೋಗ್ತಾವ" ಎಂದರು. ಮೂರು ತಿಂಗಳಲ್ಲಿ ಹೋದವು. ಮಾತಿನಲ್ಲಿನ ಗೆರೆಗಳು ಹೋಗಲು ಹೆಚ್ಚು ಕಾಲ ಹಿಡಿಯಿತು. ಧಾರವಾಡದ ವಸತಿನಿಲಯದಲ್ಲಿ ತಡವಾಯಿತೆನ್ನಲು 'ಉಶೀರ ಆತು' ಎಂದಾಗ ಗೆಳೆಯರು ಅದೇನೆಂದು ಕೇಳುತ್ತಿದ್ದರು. ಇತ್ತ ಸೊಲ್ಲಾಪುರದ ಸಂಬಂಧಿಕರಲ್ಲಿ ನನ್ನ ಮರಾಠಿ 'ಕಾನಡಿ ಮರಾಠಿ'. ಎರಡೂ ಕಡೆ ನಾನು ಇನ್ನೊಂದು ಕಡೆಯವನು.

ಇದರಲ್ಲಿ ಹೊಸದೇನೂ ಇಲ್ಲ, ಈ ನೆಲವೇ ಹಾಗೆ. ನಮ್ಮ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲೇ ಭೀಮಾ-ಸೀನಾ ನದಿಗಳ ಸಂಗಮವಿದೆ. ಅಲ್ಲಿಯ ದೇವಾಲಯದಲ್ಲಿ ದೊರೆತ 1018ರ ಶಿಲಾಲೇಖ ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದೆಂದು ಪ್ರಸಿದ್ಧ. ಆ ಸ್ಥಳದ ಹೆಸರು ಹತ್ತರಸಂಗ ಕೂಡಲ. 'ಕೂಡಲ' ಅಪ್ಪಟ ಕನ್ನಡ. ಬಸವಣ್ಣನವರ ಕೂಡಲಸಂಗಮದಲ್ಲಿರುವುದೂ ಅದೇ ಶಬ್ದ. ನದಿ ಕೂಡಿದರೆ ಕೂಡಲ, ಹಳಿ ಕೂಡಿದರೆ ಜಂಕ್ಷನ್. ಹೊಟಗಿ ಜಂಕ್ಷನ್ ಎಂಬುದನ್ನು ಕನ್ನಡಿಸಿದರೆ ಹೊಟಗಿ ಕೂಡಲವೆಂದಾಗುತ್ತದೆ. ಕೇಳಲು ಬಹಳ ಪುರಾತನವೆನಿಸುತ್ತದೆ, ಅಲ್ಲವೆ?

1956ರ ನವೆಂಬರ್ 1ರವರೆಗೆ ಭೀಮೆಯ ಎರಡೂ ದಂಡೆಗಳು ಮುಂಬಯಿ ಪ್ರಾಂತದಲ್ಲೇ ಇದ್ದವು. ಅಂದಿನಿಂದ ಆಚೆಯದು ಮೈಸೂರು ರಾಜ್ಯ, ಈಚೆಯದು ಮುಂಬಯಿ, 1960ರಲ್ಲಿ ಮಹಾರಾಷ್ಟ್ರ. ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ಆಚೆಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ವರದಿಯಲ್ಲೇ ಉಳಿಯಿತು. ರೈಲ್ವೆಯ ಗಡಿಗಳು ಮಾತ್ರ ತಮ್ಮದೇ ದಾರಿ ಹಿಡಿದವು. ದೊಡ್ಡ ದಾರಿ ಸೊಲ್ಲಾಪುರ ವಿಭಾಗದ್ದು, ಸಣ್ಣ ದಾರಿ ಹುಬ್ಬಳ್ಳಿಯದು. 1966ರಿಂದ 1977ರವರೆಗೆ ಎರಡೂ ಸಿಕಂದರಾಬಾದಿನ ದಕ್ಷಿಣ ಮಧ್ಯ ರ‍ೈಲ್ವೆಯ ಕೆಳಗಿದ್ದವು. ಬಳಿಕ ಸೊಲ್ಲಾಪುರ ಮತ್ತೆ ಮುಂಬಯಿಯ ಮಧ್ಯ ರೈಲ್ವೆಗೆ ಮರಳಿತು. ನಾವು ಚಾಳು ಬದಲಿಸದೆಯೇ ನಮ್ಮ ಮೇಲಿನ ಫಲಕಗಳು ಬದಲಾಗುತ್ತಿದ್ದವು. ಚಾಳಿನ ಹಳಬರ ಬಾಯಲ್ಲಿ ಮಾತ್ರ ಕೊನೆಯವರೆಗೂ ದೊಡ್ಡ ದಾರಿ 'ಜಿಆಯ್ಪಿ', ಸಣ್ಣದು 'ಎಮ್ಮೆಸ್ಸೆಮ್'.

ಇದೆಲ್ಲ ಮೋಜಿನ ಸಂಗತಿಯಾಗಿ ಕಾಣುವುದು ಅರ್ಜಿ ತುಂಬುವ ಕಾಲ ಬರುವವರೆಗೆ. ನೌಕರಿಗೆ ಅರ್ಜಿ ಹಾಕಲು ರಹವಾಸಿ ದಾಖಲೆ ಬೇಕಾಯಿತು. ಒಂದು ಕಚೇರಿಯಲ್ಲಿ ಸಾತಬಾರಾ ಉತಾರೆ ಕೇಳಿದರು. ನಮಗೆ ಒಂದು ಗುಂಟೆ ಹೊಲವಿಲ್ಲ. ಮನೆಪಟ್ಟಿಯ ಪಾವತಿ ಕೇಳಿದರು. ಚಾಳು ರೈಲ್ವೆಯದು, ನಮ್ಮ ಹೆಸರಿನಲ್ಲಿ ಪಟ್ಟಿಯಿಲ್ಲ. "ತಂದೆಯ ಮೂಲ ಕರ್ನಾಟಕ, ಅಲ್ಲೇ ಕೇಳಿ" ಎಂದರು. ಗಡಿಯ ಆಚೆಯ ಕಚೇರಿಯಲ್ಲಿ "ಹುಟ್ಟಿದ್ದು, ಓದಿದ್ದು ಮಹಾರಾಷ್ಟ್ರ, ಅಲ್ಲೇ ಕೇಳಿ" ಎಂದರು. ಇಬ್ಬರೂ ನಿಯಮದ ಪ್ರಕಾರವೇ ಮಾತಾಡಿದರು. ಕಡೆಗೆ ನನ್ನ ಇರವನ್ನು ಸಾಬೀತುಪಡಿಸಿದ್ದು ನಾಲ್ಕನೆಯ ಇಯತ್ತೆಯ ಮರಾಠಿ ದಾಖಲೆ. ಅಂದಿನಿಂದ ಊರು ಎಂಬ ಅಂಕಣದಲ್ಲಿ ಸೊಲ್ಲಾಪುರವೆಂದು ಬರೆಯತೊಡಗಿದೆ. ಯಾರೂ ಮರುಪ್ರಶ್ನೆ ಕೇಳದ ಹೆಸರು ಅದು.

1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಆರಂಭವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದಾರಿಯ ಸರದಿ ಬಂತು. ಸಣ್ಣ ಹಳಿ ಕಿತ್ತರು, ದೊಡ್ಡದನ್ನು ಹಾಸಿದರು. ಸೊಲ್ಲಾಪುರದಲ್ಲಿ ಹತ್ತಿದವನು ಇಳಿಯದೆ ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗಬಹುದಾಯಿತು. ಈಗ ಗದಗಿನವರೆಗಿನ 284 ಕಿಲೋಮೀಟರ್ ದಾರಿಯನ್ನು ಜೋಡಿಹಳಿಯಾಗಿಸಿದ್ದಾರೆ, ಮೇಲೆ ವಿದ್ಯುತ್ ತಂತಿ ಬಂದಿದೆ. ಹೊಟಗಿ ಸತ್ತುಹೋಯಿತೆಂದು ನಾನು ಹೇಳಿದರೆ ಅದು ಸುಳ್ಳು. ಗಾಡಿಗಳು ಹಿಂದಿಗಿಂತ ಹೆಚ್ಚಾಗಿವೆ. ಸಮೀಪದಲ್ಲೇ 1,320 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ, ಅದಕ್ಕೆ ಕಲ್ಲಿದ್ದಲು ಯಾರ ಬೆನ್ನನ್ನೂ ಏರದೆ ಬರುತ್ತದೆ. ಸಿಮೆಂಟಿನ ಧೂಳು ಕುಡಿದು ಕೆಮ್ಮುತ್ತ ನಲವತ್ತಕ್ಕೇ ಮುದುಕರಾದ ಹಮಾಲರನ್ನು ಕಂಡ ನಾನು ಆ ದಿನಗಳು ಮರಳಲೆಂದು ಬಯಸಲಾರೆ. ಹೋದದ್ದು ಆ ಒಂದೂವರೆ ಮೊಳದ ವ್ಯತ್ಯಾಸ, ಅದರೊಂದಿಗೆ ಅದನ್ನು ತುಂಬಲು ಬಂದಿದ್ದ ಜನ. ಹಮಾಲರು ಸೊಲ್ಲಾಪುರದ ಮಾರುಕಟ್ಟೆಗೆ ಹೋದರು, ಕೆಲವರು ಪುಣೆಗೆ. ನಾವಿದ್ದ ಚಾಳು ನೆಲಸಮವಾಯಿತು.

ಅಪ್ಪ ಅಷ್ಟರಲ್ಲಿ ನಿವೃತ್ತರಾಗಿ ಸೊಲ್ಲಾಪುರದ ಬಾಡಿಗೆ ಮನೆಯಲ್ಲಿದ್ದರು. 2009ರಲ್ಲಿ ಒಂದು ದಿನ, "ನನ್ನ ಒಮ್ಮೆ ಅಲ್ಲಿ ಕರಕೊಂಡ ಹೋಗು" ಎಂದರು. 'ಇಲ್ಲಿ' ಆಗಿದ್ದದ್ದು ಅವರ ಬಾಯಲ್ಲಿ 'ಅಲ್ಲಿ' ಆದದ್ದನ್ನು ಆಗ ಗಮನಿಸಿದೆ. ಪ್ಯಾಸೆಂಜರ್ ಗಾಡಿಯಲ್ಲಿ ಹೋದೆವು. ಹಳೆಯ ಯಾರ್ಡಿದ್ದ ಕಡೆ ಜಲ್ಲಿ ಹರಡಿದ ಬಯಲು, ಅಂಚಿನಲ್ಲಿ ಜಾಲಿಗಿಡಗಳು. ಅಪ್ಪನಿಗೆ ಕಣ್ಣು ಮಂಜಾಗಿತ್ತು. ನನ್ನ ತೋಳು ಹಿಡಿದು ನಡೆಯತೊಡಗಿದರು. ಹತ್ತಿಪ್ಪತ್ತು ಹೆಜ್ಜೆ ನಡೆದು ಒಮ್ಮೆಲೇ ಕಾಲನ್ನು ಎತ್ತರಕ್ಕೆ ಎತ್ತಿ ಇಟ್ಟರು, ಮತ್ತೆ ಎರಡು ಹೆಜ್ಜೆಗೆ ಇನ್ನೊಮ್ಮೆ ಹಾಗೆಯೇ ಎತ್ತಿ ಇಟ್ಟರು. ಎಡವಿದರೇನೋ ಎಂದು ನಾನು ಹಿಡಿದುಕೊಂಡೆ. ಎಡವಿರಲಿಲ್ಲ. ಹಳಿ ದಾಟುತ್ತಿದ್ದರು. ಹಾಗೆ ಬಯಲಿನಲ್ಲಿ ಮೂರು ದಾರಿಗಳನ್ನು ದಾಟಿ ಒಂದು ಕಡೆ ನಿಂತು, "ಇಲ್ಲೇ ಇತ್ತು ನನ್ನ ಸನ್ನಿ" ಎಂದರು. ಬಗ್ಗಿ ನೆಲ ಮುಟ್ಟಲು ನೋಡಿದರು, ಬೆನ್ನು ಬಗ್ಗಲಿಲ್ಲ. ನಾನೇ ಒಂದು ಜಲ್ಲಿಕಲ್ಲನ್ನು ಎತ್ತಿ ಅವರ ಕೈಗೆ ಕೊಟ್ಟೆ. ಅದನ್ನು ತುಸು ಹೊತ್ತು ನೋಡಿ, "ಇದು ಹೊಸಾದು" ಎಂದು ಕೆಳಗೆ ಹಾಕಿದರು. ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು.

ಕಳೆದ ವಾರ ಆ ವಿದ್ಯಾರ್ಥಿಯನ್ನು ಕರೆಸಿ ಇಷ್ಟನ್ನೂ ಹೇಳಿದೆ. ಅವನು ಕೇಳಿಕೊಂಡು, ತನ್ನ ಅಜ್ಜ ಅದೇ ಸ್ಟೇಶನ್ನಿನ ಗೇಟಿನಲ್ಲಿ ಇದ್ದರೆಂದೂ, ಅಜ್ಜಿ ಇನ್ನೂ ಇದ್ದಾಳೆಂದೂ, ಅವಳನ್ನು ಏನೇನು ಕೇಳಬೇಕೆಂದು ಬರೆದುಕೊಡಿರೆಂದೂ ಅಂದ. ಹನ್ನೊಂದು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದೇನೆ. ಮೊದಲನೆಯದು, ಕುಡಿಯುವ ನೀರು ಎಲ್ಲಿಂದ ತರುತ್ತಿದ್ದಿರಿ ಎಂಬುದು. ಅವನ ನಾಲ್ಕು ಅಂಕಗಳ ಪಟ್ಟಿ ಈಗಾಗಲೇ ಕಚೇರಿಗೆ ಹೋಗಿಬಿಟ್ಟಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇನೆ. ಕಾರಣ ಬರೆಯಬೇಕಾದ ಅಂಕಣದಲ್ಲಿ 'ಪರೀಕ್ಷಕರ ತಪ್ಪು' ಎಂದು ಬರೆದಿದ್ದೇನೆ.